ಸೋತಾಗೆಲ್ಲಾ ಕೋಚ್ ಬದಲಿಸಿದ್ರೆ ತಂಡ ಗೆಲ್ಲುತ್ತಾ? ಬೆಂಗಳೂರಿನ ಎರಡು ತಂಡಗಳ ಲೆಕ್ಕ ಹೀಗಿದೆ

ಹೊಸಪೇಟೆ: ತಂಡ ಸತತ ಮೂರು ಪಂದ್ಯ ಸೋತರೆ ಸಾಕು, ಚಹಾ ಅಂಗಡಿ ಮುಂದೆ ತೀರ್ಪು ರೆಡಿ ಇರುತ್ತೆ: ‘ಮೊದ್ಲು ಕೋಚ್‌ನ ತೆಗೀರಿ, ಉಳಿದಿದ್ದು ಆಮೇಲೆ ನೋಡೋಣ.’ ಕ್ರಿಕೆಟ್ ಇರಲಿ, ಕಬಡ್ಡಿ ಇರಲಿ, ಫುಟ್‌ಬಾಲ್ ಇರಲಿ, ಈ ಮಾತು ಮಾತ್ರ ಬದಲಾಗಲ್ಲ. ಕಾರಣವೂ ಸರಳ. ಇಡೀ ತಂಡವನ್ನು ಒಂದೇ ಸಲ ಮನೆಗೆ ಕಳಿಸೋಕೆ ಆಗಲ್ಲ. ಮಾಲೀಕರು ತಮ್ಮನ್ನು ತಾವೇ ಕೆಲಸದಿಂದ ತೆಗೆಯಲ್ಲ. ಉಳಿಯೋದು ಕೋಚ್ ಒಬ್ಬರೇ.

ಹಾಗಾದ್ರೆ ಕೋಚ್ ಬದಲಾದ ಮೇಲೆ ತಂಡ ನಿಜವಾಗ್ಲೂ ಸುಧಾರಿಸುತ್ತಾ? ಉತ್ತರ ಹುಡುಕೋಕೆ ವಿದೇಶಕ್ಕೆ ಹೋಗಬೇಕಿಲ್ಲ. ಕಳೆದ ಐದು ವರ್ಷದಲ್ಲಿ ನಮ್ಮದೇ ರಾಜ್ಯದ ಎರಡು ವೃತ್ತಿಪರ ತಂಡಗಳು ಈ ಪ್ರಶ್ನೆಗೆ ಎದುರಾಗಿವೆ. ಒಂದು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ, ಇನ್ನೊಂದು ಬೆಂಗಳೂರು ಬುಲ್ಸ್ ಕಬಡ್ಡಿ ತಂಡ. ಎರಡೂ ಕೋಚ್ ಬದಲಿಸಿವೆ. ಬದಲಿಸಿದ ಸಮಯ ಬೇರೆ ಬೇರೆ, ಸಿಕ್ಕ ಫಲವೂ ಬೇರೆ ಬೇರೆ.

ಬೆಂಗಳೂರು ತಂಡದ ಗೊಡವೆ ನಮಗ್ಯಾಕೆ?

ಈ ಪ್ರಶ್ನೆ ಬರೋದು ಸಹಜ. ಆದರೆ ಬೆಂಗಳೂರು ಎಫ್‌ಸಿಯ ಮಾಲೀಕತ್ವ ಜೆಎಸ್‌ಡಬ್ಲ್ಯೂ ಸಮೂಹದ್ದು. ಅದೇ ಸಮೂಹದ ಉಕ್ಕಿನ ಕಾರ್ಖಾನೆ ಇರೋದು ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ. 2018ರಲ್ಲಿ ಅಲ್ಲೇ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕೂಡ ಇದೇ ಸಮೂಹದ ಕೂಸು. ಬೆಂಗಳೂರು ಎಫ್‌ಸಿ ಆಟಗಾರರು ಲೀಗ್ ಶುರುವಾಗೋ ಮುಂಚಿನ ತಯಾರಿಗೆ ಬಂದು ಬೆವರು ಹರಿಸಿದ್ದೂ ಇದೇ ಆವರಣದಲ್ಲಿ. ಹೆಸರು ಬೆಂಗಳೂರಿನದ್ದಾದ್ರೂ ತಂಡದ ಒಂದು ಬೇರು ನಮ್ಮ ಕಡೆಯ ಕೆಂಪು ಮಣ್ಣಲ್ಲೇ ಇದೆ.

ಕಬಡ್ಡಿ ವಿಷಯದಲ್ಲಂತೂ ವಿವರಣೆನೇ ಬೇಕಿಲ್ಲ. ಕಂಪ್ಲಿ, ಸಂಡೂರು, ಹೊಸಪೇಟೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಅಂದ್ರೆ ಕಬಡ್ಡಿ ಅಂಕಣ ಸಿದ್ಧವಾಗಲೇಬೇಕು. ಪ್ರೊ ಕಬಡ್ಡಿ ಶುರುವಾದ್ರೆ ಸಂಜೆ ಅಂಗಡಿಯ ಟಿವಿಯಲ್ಲಿ ಬುಲ್ಸ್ ಪಂದ್ಯ ಇದ್ದೇ ಇರುತ್ತೆ.

ಲೀಗ್ ಮಧ್ಯೆ ತೆಗೆದದ್ದು ಎರಡು ಸಲ

ಮೊದಲು ಫುಟ್‌ಬಾಲ್ ಲೆಕ್ಕ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಆಡಿದ ಮೊದಲ ವರ್ಷವೇ ಆ್ಯಶ್ಲಿ ವೆಸ್ಟ್‌ವುಡ್ ಕೈಕೆಳಗೆ ಐ-ಲೀಗ್ ಗೆದ್ದಿತ್ತು. ಆಮೇಲೆ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ತಂಡವನ್ನು 2016ರ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ರೋಕಾ ಹೋದಾಗ ಹೊರಗಿನವರನ್ನು ತರಲಿಲ್ಲ, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೇ ಮುಖ್ಯ ಕೋಚ್ ಮಾಡಿದರು. 2019ರ ಮಾರ್ಚ್‌ನಲ್ಲಿ ತಂಡ ಮೊದಲ ಸಲ ಐಎಸ್‌ಎಲ್ ಟ್ರೋಫಿ ಎತ್ತಿತು.

ಅದೇ ಕ್ವಾಡ್ರಾಟ್ ಎರಡು ವರ್ಷ ಕಳೆಯೋದ್ರೊಳಗೆ ಹೊರಗೆ ಬಂದರು. 2020-21ರ ಲೀಗ್‌ನಲ್ಲಿ ತಂಡ ಸತತ ಮೂರು ಪಂದ್ಯ ಸೋತಿತು. 2021ರ ಜನವರಿ ಮೊದಲ ವಾರದಲ್ಲೇ ಕೋಚ್‌ಗೆ ವಿದಾಯ. ಆಗ ತಂಡ 9 ಪಂದ್ಯದಲ್ಲಿ 12 ಅಂಕ ಗಳಿಸಿತ್ತು. ನೌಷಾದ್ ಮೂಸಾ ಹಂಗಾಮಿಯಾಗಿ ಹೊಣೆ ಹೊತ್ತರು. ಉಳಿದ 11 ಪಂದ್ಯದಲ್ಲಿ ಬಂದದ್ದು 10 ಅಂಕ. ಅಂದ್ರೆ ಬದಲಾವಣೆ ಆದ ಮೇಲೆ ಓಟ ಇನ್ನಷ್ಟು ನಿಧಾನ ಆಯ್ತು. ತಂಡ 7ನೇ ಸ್ಥಾನಕ್ಕೆ ನಿಂತಿತು.

ಎರಡನೇ ಸಲ 2023ರಲ್ಲಿ. ಇಂಗ್ಲೆಂಡ್‌ನ ಸೈಮನ್ ಗ್ರೇಸನ್ ಕೋಚ್. ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರು ಪ್ರೇಕ್ಷಕರ ಎದುರೇ, ಮುಂಬೈ ಸಿಟಿ ವಿರುದ್ಧ 0-4 ಸೋಲು. ಅಲ್ಲಿಗೆ 9 ಪಂದ್ಯದಲ್ಲಿ ಒಂದೇ ಗೆಲುವು, 7 ಅಂಕ. ಮರುದಿನವೇ ಗ್ರೇಸನ್ ಔಟ್. ಕೆಲವೇ ದಿನದಲ್ಲಿ ಸ್ಪೇನ್‌ನ ಜೆರಾರ್ಡ್ ಝರಗೋಝಾ ಬಂದರು. ಉಳಿದ 13 ಪಂದ್ಯದಲ್ಲಿ 15 ಅಂಕ ಬಂತು. ಮೊದಲಿಗಿಂತ ಸ್ವಲ್ಪ ಪರವಾಗಿಲ್ಲ, ನಿಜ. ಆದ್ರೆ ಲೀಗ್ ಮುಗಿದಾಗ 12 ತಂಡಗಳಲ್ಲಿ ಬೆಂಗಳೂರು 10ನೇ ಸ್ಥಾನದಲ್ಲಿತ್ತು. ತಂಡ ಹುಟ್ಟಿದ ಮೇಲೆ ಲೀಗ್‌ನಲ್ಲಿ ಇಷ್ಟು ಕೆಳಗೆ ಇಳಿದದ್ದೇ ಇರಲಿಲ್ಲ.

ತಡಕೊಂಡದ್ದೂ ಎರಡು ಸಲ

ಇಲ್ಲೊಂದು ವಿಷಯ ಹೆಚ್ಚಿನವರು ಮರೆತಿದ್ದಾರೆ. ಅದೇ ಗ್ರೇಸನ್, ಅದಕ್ಕೂ ಹಿಂದಿನ 2022-23ರ ಲೀಗ್‌ನಲ್ಲಿ ಇದಕ್ಕಿಂತ ಹೆಚ್ಚು ಸೋತಿದ್ದರು. ಮೊದಲ 12 ಪಂದ್ಯದಲ್ಲಿ 8 ಸೋಲು! ಆಗಲೂ ‘ಕೋಚ್ ತೆಗೀರಿ’ ಅನ್ನೋಕೆ ಕಾರಣ ಸಾಕಷ್ಟಿತ್ತು. ಮಾಲೀಕರು ತೆಗೆಯಲಿಲ್ಲ. ಆಮೇಲೆ ನಡೆದದ್ದು ಈಗ ಕಥೆಯಾಗಿದೆ. ಉಳಿದ ಎಂಟಕ್ಕೆ ಎಂಟೂ ಲೀಗ್ ಪಂದ್ಯ ಗೆದ್ದು ತಂಡ 34 ಅಂಕದೊಂದಿಗೆ 4ನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿಯಲ್ಲಿ ಮಣಿಸಿ ಫೈನಲ್ ಸೇರಿತು. 2023ರ ಮಾರ್ಚ್ 18ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಸೋತದ್ದೂ ಪೆನಾಲ್ಟಿಯಲ್ಲೇ.

ಎರಡನೇ ತಾಳ್ಮೆ ಝರಗೋಝಾ ವಿಷಯದಲ್ಲಿ. 10ನೇ ಸ್ಥಾನಕ್ಕೆ ಇಳಿದ ಕೋಚ್‌ನ ಲೀಗ್ ಮುಗಿದ ಕೂಡಲೇ ಕಳಿಸಿದ್ರೆ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ಕಳಿಸಲಿಲ್ಲ. ತಂಡ ಕಟ್ಟೋಕೆ, ತಯಾರಿ ಮಾಡೋಕೆ ಅವರಿಗೆ ಒಂದು ಪೂರ್ತಿ ಬೇಸಿಗೆ ಸಿಕ್ಕಿತು. 2024-25ರಲ್ಲಿ ತಂಡ 38 ಅಂಕದೊಂದಿಗೆ 3ನೇ ಸ್ಥಾನ ಪಡೆಯಿತು. ಪ್ಲೇ-ಆಫ್‌ನಲ್ಲಿ ಮುಂಬೈ ಸಿಟಿಯನ್ನೇ 5-0ಯಿಂದ ಹೊಡೆದು ಹಳೇ ಬಾಕಿ ತೀರಿಸಿತು. 40 ವರ್ಷದ ಸುನಿಲ್ ಚೆಟ್ರಿ ಆ ಲೀಗ್‌ನಲ್ಲಿ 14 ಗೋಲು ಹೊಡೆದರು. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು.

ಲೆಕ್ಕ ಸೇರಿಸಿ ನೋಡಿ. ಲೀಗ್ ಮಧ್ಯೆ ಕೋಚ್ ತೆಗೆದದ್ದು ಎರಡು ಸಲ, ಸಿಕ್ಕಿದ್ದು 7ನೇ ಮತ್ತು 10ನೇ ಸ್ಥಾನ. ಕೆಟ್ಟ ದಿನಗಳಲ್ಲಿ ತಡಕೊಂಡದ್ದು ಎರಡು ಸಲ, ಸಿಕ್ಕಿದ್ದು ಎರಡು ಫೈನಲ್. ನಾಲ್ಕೇ ಉದಾಹರಣೆಯಿಂದ ನಿಯಮ ಮಾಡೋಕಾಗಲ್ಲ ಅನ್ನೋದು ಸರಿ. ಆದ್ರೆ ‘ತೆಗೆದ್ರೆ ಸರಿ ಹೋಗುತ್ತೆ’ ಅನ್ನೋ ಮಾತಿಗೆ ಈ ಲೆಕ್ಕದಲ್ಲಿ ಒಂದು ಸಾಕ್ಷಿಯೂ ಸಿಗಲ್ಲ.

ಹೊಸ ಹುಡುಗ ಬಂದ, ವ್ಯಾಪಾರ ಏರಿತು?

‘ಹೊಸ ಕೋಚ್ ಬಂದ ಮೇಲೆ ತಂಡ ಗೆಲ್ಲೋಕೆ ಶುರು ಮಾಡ್ತಲ್ಲ?’ ಅಂತ ಕೇಳೋರೂ ಇದ್ದಾರೆ. ಕೆಲವು ಸಲ ಹಾಗೆ ಕಾಣುತ್ತೆ. ಅದರ ಗುಟ್ಟು ಅಂಗಡಿ ನಡೆಸೋರಿಗೆ ಬೇಗ ಅರ್ಥ ಆಗುತ್ತೆ.

ಒಂದು ಬಟ್ಟೆ ಅಂಗಡಿ ಅಂದ್ಕೊಳ್ಳಿ. ಮಳೆ, ಬಂದ್, ಅಮಾವಾಸ್ಯೆ ಎಲ್ಲಾ ಒಟ್ಟಿಗೆ ಬಂದು ಎರಡು ವಾರ ವ್ಯಾಪಾರ ಪೂರ್ತಿ ಬಿತ್ತು. ಸಿಟ್ಟಿನಲ್ಲಿ ಮಾಲೀಕ ಕೆಲಸದ ಹುಡುಗನನ್ನ ಬದಲಿಸಿದ. ಮೂರನೇ ವಾರ ವ್ಯಾಪಾರ ಮಾಮೂಲಿ ಮಟ್ಟಕ್ಕೆ ಬಂತು. ‘ಹೊಸ ಹುಡುಗನ ಕಾಲ್ಗುಣ’ ಅಂತ ಹೊಗಳಿಕೆ. ಹಳೇ ಹುಡುಗ ಇದ್ದಿದ್ರೂ ಆ ವಾರ ವ್ಯಾಪಾರ ಅಷ್ಟೇ ಆಗ್ತಿತ್ತು. ತೀರಾ ಕೆಳಗೆ ಬಿದ್ದದ್ದು ತಾನಾಗೇ ತನ್ನ ಸರಾಸರಿ ಕಡೆ ಏರುತ್ತೆ. ಕೋಚ್‌ಗಳನ್ನ ತೆಗೆಯೋದು ತಂಡ ತೀರಾ ಕೆಳಗೆ ಬಿದ್ದಾಗಲೇ. ಹಾಗಾಗಿ ಆಮೇಲಿನ ಏರಿಕೆಯ ಶ್ರೇಯ ಹೊಸಬರ ಖಾತೆಗೆ ಜಮಾ ಆಗುತ್ತೆ.

ಇದನ್ನ ಅಳೆದು ನೋಡಿದವರೂ ಇದ್ದಾರೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ತೆರ್ ವೀಲ್ 1986ರಿಂದ 2004ರವರೆಗಿನ ನೆದರ್‌ಲೆಂಡ್ಸ್ ಫುಟ್‌ಬಾಲ್ ಲೀಗ್‌ನ ಲೆಕ್ಕ ತೆಗೆದರು. ಕೋಚ್ ತೆಗೆದ ತಂಡಗಳನ್ನ, ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್ ಉಳಿಸಿಕೊಂಡ ತಂಡಗಳ ಜೊತೆ ಹೋಲಿಸಿದರು. ಎರಡೂ ಗುಂಪು ಚೇತರಿಸಿಕೊಂಡಿದ್ದವು. ಬದಲಾವಣೆಯಿಂದಲೇ ಹೆಚ್ಚು ಲಾಭ ಆಯ್ತು ಅನ್ನೋಕೆ ಪುರಾವೆ ಸಿಗಲಿಲ್ಲ.

ಬುಲ್ಸ್ ಮಾಡಿದ್ದು ಬೇರೆ

ಹಾಗಂತ ಕೋಚ್ ಬದಲಿಸೋದೇ ತಪ್ಪಾ? ಅಲ್ಲ. ಬೆಂಗಳೂರು ಬುಲ್ಸ್ ಉದಾಹರಣೆ ಇನ್ನೊಂದು ಮಗ್ಗುಲು ತೋರಿಸುತ್ತೆ.

2014ರ ಮೊದಲ ಆವೃತ್ತಿಯಿಂದ 11ನೇ ಆವೃತ್ತಿವರೆಗೆ ಬುಲ್ಸ್ ತರಬೇತಿಯ ಹೊಣೆ ಇದ್ದದ್ದು ರಣಧೀರ್ ಸಿಂಗ್ ಸೆಹ್ರಾವತ್ ಅವರ ಹೆಗಲ ಮೇಲೆ. ಇಷ್ಟು ದೀರ್ಘ ಕಾಲ ಒಂದೇ ತಂಡದಲ್ಲಿ ಉಳಿಯೋದು ಲೀಗ್ ಆಟದಲ್ಲಿ ಅಪರೂಪ. 6ನೇ ಆವೃತ್ತಿಯಲ್ಲಿ, 2019ರ ಜನವರಿ 5ರಂದು, ಗುಜರಾತ್ ತಂಡವನ್ನ 38-33ರಿಂದ ಸೋಲಿಸಿ ಬುಲ್ಸ್ ಚಾಂಪಿಯನ್ ಆಗಿತ್ತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು.

2024ರ 11ನೇ ಆವೃತ್ತಿ ಮಾತ್ರ ದುಃಸ್ವಪ್ನ. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಪರ್ದೀಪ್ ನರ್ವಾಲ್‌ಗೆ 70 ಲಕ್ಷ ರೂಪಾಯಿ ಕೊಟ್ಟು ತಂದಿದ್ದರು. ಹೆಸರು ದೊಡ್ಡದು, ಕಾಲು ಮೊದಲಿನಷ್ಟು ಚುರುಕಾಗಿ ಓಡಲಿಲ್ಲ. 22 ಪಂದ್ಯದಲ್ಲಿ ಗೆದ್ದದ್ದು ಎರಡೇ ಎರಡು, 19 ಸೋಲು. 12 ತಂಡಗಳಲ್ಲಿ ಕೊನೇ ಸ್ಥಾನ.

ಇಷ್ಟಾದ್ರೂ ಲೀಗ್ ಮಧ್ಯೆ ಕೋಚ್‌ನ ಕಳಿಸಲಿಲ್ಲ. ಆವೃತ್ತಿ ಮುಗಿಸಿಕೊಂಡು, 2025ರ ಆಟಗಾರರ ಹರಾಜಿಗೆ ಮುಂಚೆ ಕೋಚ್ ಬದಲಿಸಿದರು. ಬಂದವರು ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್. ಬುಲ್ಸ್ ಚಾಂಪಿಯನ್ ಆದಾಗ ತರಬೇತಿ ಬಳಗದಲ್ಲಿ ಇದ್ದವರು. ಆಮೇಲೆ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಟ್ರೋಫಿ ಗೆಲ್ಲಿಸಿಕೊಟ್ಟವರು.

ಕೋಚ್ ಬಂದದ್ದು ಹರಾಜಿಗೆ ಮುಂಚೆ ಅನ್ನೋದೇ ಇಲ್ಲಿ ಮುಖ್ಯ. ಯಾವ ಆಟಗಾರ ಬೇಕು, ಯಾರು ಬೇಡ ಅನ್ನೋದರಲ್ಲಿ ಹೊಸ ಕೋಚ್ ಮಾತಿಗೆ ಬೆಲೆ ಇರುತ್ತೆ. ತಯಾರಿಗೆ ತಿಂಗಳುಗಳು ಸಿಗುತ್ತವೆ. ಆದ್ರೂ 12ನೇ ಆವೃತ್ತಿಯ ಮೊದಲ ಮೂರೂ ಪಂದ್ಯ ಬುಲ್ಸ್ ಸೋತಿತು! ‘ಹೊಸಬರೂ ಇಷ್ಟೇ’ ಅನ್ನೋ ಮಾತು ಶುರುವಾಗೋ ಹೊತ್ತಿಗೆ ನಾಲ್ಕನೇ ಪಂದ್ಯದಲ್ಲಿ ಪಟ್ನಾ ಪೈರೇಟ್ಸ್ ವಿರುದ್ಧ ಗೆಲುವು ಬಂತು. ಲೀಗ್ ಹಂತದ 18 ಪಂದ್ಯದಲ್ಲಿ 11 ಗೆದ್ದು ತಂಡ 3ನೇ ಸ್ಥಾನ ಪಡೆಯಿತು. ಪ್ಲೇ-ಆಫ್‌ನಲ್ಲಿ ತೆಲುಗು ಟೈಟಾನ್ಸ್, ಆಮೇಲೆ ಪಟ್ನಾ ಎದುರು ಸೋತು ಮನೆಗೆ ಬಂತು. ಟ್ರೋಫಿ ಸಿಗಲಿಲ್ಲ. ಆದ್ರೆ ಕೊನೇ ಸ್ಥಾನದಿಂದ 3ನೇ ಸ್ಥಾನಕ್ಕೆ ಒಂದೇ ವರ್ಷದಲ್ಲಿ ಏರೋದು ಸಣ್ಣ ಮಾತಲ್ಲ.

ಇದರ ಪೂರ್ತಿ ಶ್ರೇಯ ಕೋಚ್‌ಗೆ ಕೊಟ್ಟರೂ ತಪ್ಪಾಗುತ್ತೆ. ಆಟಗಾರರೂ ಬದಲಾಗಿದ್ದರು, ದೊಡ್ಡ ಹೆಸರುಗಳ ಜಾಗಕ್ಕೆ ಓಡೋ ಹುಡುಗರು ಬಂದಿದ್ದರು. ಕೋಚ್, ಆಟಗಾರರು, ತಯಾರಿ ಮೂರೂ ಒಟ್ಟಿಗೆ ಬದಲಾದದ್ದಕ್ಕೆ ಫಲ ಸಿಕ್ಕಿತು.

19ನೇ ಗೇಟ್ ಕಲಿಸಿದ ಪಾಠ

ಹೊಸಪೇಟೆಯವರಿಗೆ ಇದನ್ನ ಬೇರೆ ರೀತಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯಿತು. ತುಂಬಿದ ಡ್ಯಾಂ, ಹರಿಯೋ ನೀರು. ಅಂಥಾ ಹೊತ್ತಲ್ಲಿ ಹೊಸ ಗೇಟ್ ಕೂರಿಸೋಕೆ ಆಗಲ್ಲ. ತಜ್ಞ ಕನ್ನಯ್ಯ ನಾಯ್ಡು ನೇತೃತ್ವದಲ್ಲಿ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಅದು ತಾತ್ಕಾಲಿಕ ಅಂತ ಅವತ್ತೇ ಎಲ್ಲರಿಗೂ ಗೊತ್ತಿತ್ತು. 33 ಗೇಟ್‌ಗಳನ್ನೂ ಬದಲಿಸಬೇಕು ಅಂದಾಗ ನೀರು ಇಳಿಯೋವರೆಗೆ ಕಾಯಬೇಕಾಯ್ತು, ಎರಡನೇ ಬೆಳೆಯ ನೀರಿನ ಪ್ರಶ್ನೆಯೂ ಎದುರಾಯ್ತು.

ಲೀಗ್ ಮಧ್ಯೆ ಬರೋ ಕೋಚ್ ಸ್ಟಾಪ್‌ಲಾಗ್ ಇದ್ದ ಹಾಗೆ. ಸೋರಿಕೆ ನಿಲ್ಲಿಸಬಹುದು, ಅಷ್ಟೇ. ಆಟಗಾರರು ಹಳಬರೇ, ಅವರ ದೇಹಸ್ಥಿತಿ ಹಳೇದೇ, ಪಂದ್ಯಗಳು ನಾಲ್ಕೈದು ದಿನಕ್ಕೊಂದು. ಹೊಸ ಆಟ ಕಲಿಸೋಕೆ ಟೈಮ್ ಎಲ್ಲಿದೆ? ಕಂಪ್ಲಿ ಕಡೆ ನಾಟಿ ಆದ ಮೇಲೆ ಭತ್ತದ ತಳಿ ಬದಲಿಸೋರು ಯಾರೂ ಇಲ್ಲ. ಕಳೆ ತೆಗೀತಾರೆ, ಗೊಬ್ಬರ ಹಾಕ್ತಾರೆ. ತಳಿ ಬದಲಾಗೋದು ಮುಂದಿನ ಬೆಳೆಗೆ.

ಹಾಗಾದ್ರೆ ಯಾವಾಗ್ಲೂ ಕಾಯಬೇಕಾ?

ಇಲ್ಲ. ಮಧ್ಯದಲ್ಲಿ ಬದಲಿಸಿ ಗೆದ್ದವರೂ ಇದ್ದಾರೆ. ಇಂಗ್ಲೆಂಡ್‌ನ ಚೆಲ್ಸಿ ಫುಟ್‌ಬಾಲ್ ಕ್ಲಬ್ 2012ರ ಮಾರ್ಚ್‌ನಲ್ಲಿ ಕೋಚ್ ಬದಲಿಸಿ ಮೇ ತಿಂಗಳಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. 2021ರಲ್ಲೂ ಜನವರಿಯಲ್ಲಿ ಬದಲಿಸಿ ಮೇನಲ್ಲಿ ಮತ್ತೆ ಗೆದ್ದಿತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 2016ರ ಜನವರಿಯಲ್ಲಿ ಕೋಚ್ ಡೇವಿಡ್ ಬ್ಲಾಟ್ ಅವರನ್ನ ತೆಗೆದು ಸಹಾಯಕ ಟೈರನ್ ಲೂ ಅವರಿಗೆ ಹೊಣೆ ಕೊಟ್ಟಿತು. ಜೂನ್‌ನಲ್ಲಿ ಚಾಂಪಿಯನ್ ಆಯ್ತು.

ಆದ್ರೆ ಇಲ್ಲೊಂದು ವ್ಯತ್ಯಾಸ ಇದೆ. ಬ್ಲಾಟ್ ಅವರನ್ನ ತೆಗೆದಾಗ ಆ ತಂಡ 41ರಲ್ಲಿ 30 ಪಂದ್ಯ ಗೆದ್ದಿತ್ತು, ಲೆಬ್ರಾನ್ ಜೇಮ್ಸ್‌ನಂಥ ಆಟಗಾರ ಇದ್ದರು. ಚೆಲ್ಸಿಯಲ್ಲೂ ಆಟಗಾರರ ಕೊರತೆ ಇರಲಿಲ್ಲ. ತಂಡ ಬಲವಾಗಿದ್ದು ಕೋಚ್ ಜೊತೆ ಹೊಂದಾಣಿಕೆ ಕೆಟ್ಟಿದ್ದರೆ ಬದಲಾವಣೆ ಬೇಗ ಕೆಲಸ ಮಾಡುತ್ತೆ. ತಂಡದಲ್ಲೇ ಬಲ ಇಲ್ಲದಿದ್ದರೆ ಯಾವ ಕೋಚ್ ಬಂದರೂ ಪವಾಡ ಆಗಲ್ಲ.

ಹಾಗಾಗಿ ‘ಕೋಚ್ ತೆಗೀರಿ’ ಅನ್ನೋ ಮುಂಚೆ ನಾಲ್ಕು ಪ್ರಶ್ನೆ ಕೇಳೋದು ಒಳ್ಳೇದು.

ಒಂದು, ತಂಡ ಸೋಲ್ತಿರೋದು ಹೇಗೆ? ಒಂದೆರಡು ಪಾಯಿಂಟ್, ಒಂದು ಗೋಲಿನಿಂದಲೋ, ಇಲ್ಲಾ ಪ್ರತಿಸಲ ಮಣ್ಣು ಮುಕ್ಕಿಯೋ? ಕೂದಲೆಳೆಯ ಸೋಲುಗಳು ತಿರುಗಿ ಗೆಲುವಾಗೋದು ಬೇಗ.

ಎರಡು, ಆಟಗಾರರನ್ನ ಆರಿಸಿದ್ದು ಯಾರು? ಮಾಲೀಕರು ಹರಾಜಿನಲ್ಲಿ ದುಡ್ಡು ಸುರಿದು ತಂದ ಆಟಗಾರ ಆಡದಿದ್ದರೆ ಕೋಚ್ ಒಬ್ಬರ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ಮೂರು, ಆಟಗಾರರು ಕೋಚ್ ಮಾತು ಕೇಳ್ತಿದ್ದಾರಾ? ಒಳಗಿನ ನಂಬಿಕೆ ಮುರಿದು ಬಿದ್ದಿದ್ದರೆ, ಅಥವಾ ಕೋಚ್ ನಡವಳಿಕೆಯಲ್ಲೇ ದೋಷ ಇದ್ದರೆ, ಆಗ ಮಾತ್ರ ಒಂದು ದಿನವೂ ಕಾಯಬಾರದು.

ನಾಲ್ಕು, ಬದಲಿಗೆ ಬರೋರು ಯಾರು? ಹೆಸರೇ ಗೊತ್ತಿಲ್ಲದೆ ಇದ್ದವರನ್ನ ಕಳಿಸೋದು, ಸ್ಟಾಪ್‌ಲಾಗ್ ಇಲ್ಲದೆ ಗೇಟ್ ಕಳಚಿದ ಹಾಗೆ.

ನಮ್ಮ ಮೈದಾನಗಳಲ್ಲಿ

ವೃತ್ತಿಪರ ತಂಡದ ಕೋಚ್‌ಗೆ ಕೆಲಸ ಹೋದರೆ ಒಪ್ಪಂದದ ಹಣ ಇರುತ್ತೆ, ಇನ್ನೊಂದು ತಂಡದ ಬಾಗಿಲೂ ತೆರೆಯುತ್ತೆ. ಕ್ವಾಡ್ರಾಟ್ ಮುಂದೆ ಈಸ್ಟ್ ಬೆಂಗಾಲ್ ಕೋಚ್ ಆಗಿ 2024ರ ಸೂಪರ್ ಕಪ್ ಗೆದ್ದರು. ಅಂದ್ರೆ ಅವರಿಗೆ ಕೋಚಿಂಗ್ ಮರೆತು ಹೋಗಿರಲಿಲ್ಲ.

ತಾಲೂಕು ಮಟ್ಟದಲ್ಲಿ ಪರಿಸ್ಥಿತಿ ಹಾಗಿಲ್ಲ. ಇಲ್ಲಿ ಕೋಚ್ ಅಂದ್ರೆ ಶಾಲೆಯ ಪಿಟಿ ಮೇಷ್ಟ್ರು, ಇಲ್ಲಾ ಸಂಜೆ ಅಂಗಡಿ ಬಾಗಿಲು ಹಾಕಿ ಹುಡುಗರಿಗೆ ಕಬಡ್ಡಿ ಹೇಳಿಕೊಡೋ ಹಳೇ ಆಟಗಾರ. ಜಿಲ್ಲಾ ಮಟ್ಟದಲ್ಲಿ ಒಂದು ಸಲ ಸೋತು ಬಂದ ಕೂಡಲೇ ‘ನಿಮ್ಮಿಂದ ಆಗಲ್ಲ ಬಿಡ್ರಿ’ ಅಂದುಬಿಟ್ಟರೆ ಅವರು ಮರುದಿನದಿಂದ ಮೈದಾನಕ್ಕೆ ಬರಲ್ಲ. ಬದಲಿಗೆ ಬರೋಕೆ ಸ್ಪೇನ್‌ನಿಂದಲೂ ಯಾರೂ ಇಲ್ಲ, ಪಕ್ಕದ ಊರಿನಿಂದಲೂ ಯಾರೂ ಇಲ್ಲ. ಹುಡುಗರು ಮೊಬೈಲ್ ಹಿಡಿದು ಮನೇಲಿ ಕೂರ್ತಾರೆ.

ಬೆಂಗಳೂರಿನ ದೊಡ್ಡ ತಂಡಗಳು ಕೋಟಿಗಟ್ಟಲೆ ಖರ್ಚು ಮಾಡಿ ಕಲಿತ ಪಾಠ ಇಲ್ಲಿ ಪುಕ್ಕಟೆ ಸಿಗ್ತಿದೆ. ಬದಲಿಸಬೇಕಾದ್ರೆ ಬದಲಿಸಿ, ಆದ್ರೆ ಟೂರ್ನಿ ಮುಗಿದ ಮೇಲೆ, ಕೂತು ಮಾತಾಡಿ, ಮುಂದಿನ ತಯಾರಿಗೆ ಟೈಮ್ ಇರೋವಾಗ ಬದಲಿಸಿ. ಸೋತ ರಾತ್ರಿಯ ಸಿಟ್ಟಿನಲ್ಲಿ ಬೇಡ.